ನಮ್ಮವರು ಎಷ್ಟು ಮಂದಿ ಗೆದ್ದರು?

ಮುಂಬಯಿ ಪಾಲಿಕೆ ಚುನಾವಣೆಯ ಪ್ರಚಾರ ಮುಗಿದದ್ದು 13ಕ್ಕೆ, ಸಂಕ್ರಾಂತಿ 14ಕ್ಕೆ, ಮತದಾನ 15ಕ್ಕೆ, ಎಣಿಕೆ 16ಕ್ಕೆ. 2026ರ ಜನವರಿಯ ಆ ವಾರ ಮಲಾಡಿನಲ್ಲಿ ಬಾಯಿ ಮುಚ್ಚಿ ಕೂತವರು ಯಾರೂ ಇರಲಿಕ್ಕಿಲ್ಲ. ಪಕ್ಕದ ಸೊಸೈಟಿಯ ಮರಾಠಿ ವಹಿನಿ ಕಂಪೌಂಡ್ ಗೋಡೆಯ ಮೇಲಿಂದ ಎಳ್ಳುಂಡೆ ದಾಟಿಸಿ, ‘ತಿಳಗೂಳ್ ಘ್ಯಾ, ಗೋಡ್ ಗೋಡ್ ಬೋಲಾ’ ಅಂದರು. ಸಿಹಿ ಮಾತಾಡಿ ಅಂತ ಹೇಳಿದ ಅದೇ ವಹಿನಿ ಎರಡು ದಿನ ಬಿಟ್ಟು ಅದೇ ಗೋಡೆಗೆ ಮೊಣಕೈ ಊರಿ ಮಾತಾಡಿದ್ದರಲ್ಲಿ ಸಿಹಿ ಒಂದು ಚಮಚದಷ್ಟೂ ಇರಲಿಲ್ಲ. ಇಪ್ಪತ್ತು ವರ್ಷ ಮುಖ ತಿರುಗಿಸಿಕೊಂಡಿದ್ದ ಠಾಕ್ರೆ ಸೋದರರು ಒಂದಾದರೂ ಪಾಲಿಕೆ ಕೈತಪ್ಪಿತಲ್ಲ ಎಂಬುದು ಅವರ ಸಂಕಟ. 227 ಸ್ಥಾನಗಳಲ್ಲಿ ಬಿಜೆಪಿಗೆ 89, ಉದ್ಧವರ ಸೇನೆಗೆ 65, ಶಿಂದೆಯವರ ಸೇನೆಗೆ 29, ಕಾಂಗ್ರೆಸ್ಸಿಗೆ 24, ರಾಜ್ ಠಾಕ್ರೆಯವರಿಗೆ ಬರೀ 6. ವಹಿನಿ ಈ ಲೆಕ್ಕವನ್ನು ಹಾಲಿನವನ ಲೆಕ್ಕದ ಹಾಗೆ ಬೆರಳು ಮಡಚಿ ಮಡಚಿ ಹೇಳಿದರು.

ಇದು ವಹಿನಿಯ ದುಃಖ. ನಮ್ಮ ಕಡೆಯವರ ದುಃಖವೇ ಬೇರೆ. ಎಣಿಕೆಯ ದಿನ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲೇ ಊರಿನಿಂದ ಭಾವನ ಫೋನು: ‘ನಮ್ಮವರು ಎಷ್ಟು ಮಂದಿ ಗೆದ್ದರು?’ ಯಾವ ಪಕ್ಷ ಅಂತ ಕೇಳಲಿಲ್ಲ, ಯಾವ ವಾರ್ಡು ಅಂತಲೂ ಕೇಳಲಿಲ್ಲ. ಮುಂಬಯಿ ಕನ್ನಡಿಗರಲ್ಲಿ ಫಲಿತಾಂಶ ಓದುವ ಪದ್ಧತಿಯೇ ಇದು. ಪಟ್ಟಿ ಕೈಗೆ ಬಂದರೆ ಕಣ್ಣು ಸೀದಾ ಅಡ್ಡಹೆಸರಿನ ಕಡೆ ಓಡುತ್ತದೆ. ಶೆಟ್ಟಿ ಇದ್ದಾರೋ, ಪೂಜಾರಿ ಇದ್ದಾರೋ, ಅಮೀನ್, ಸುವರ್ಣ, ಕೋಟ್ಯಾನ್? ಸಿಕ್ಕಿದರೆ ಮರುದಿನವೇ ಶಾಲು, ಹಾರ, ಫಲಪುಷ್ಪದ ಬುಟ್ಟಿ, ಸಂಘದ ಸಭಾಗೃಹದಲ್ಲಿ ಸನ್ಮಾನ, ‘ಕರ್ನಾಟಕ ಮಲ್ಲ’ ಪತ್ರಿಕೆಯಲ್ಲಿ ಫೋಟೋ. ಫೋಟೋದಲ್ಲಿ ಗೆದ್ದವರು ಎಲ್ಲಿದ್ದಾರೆ ಎಂದು ಹುಡುಕಬೇಕು. ಸನ್ಮಾನಿಸಿದವರೇ ಹದಿನೈದು ಮಂದಿ. ಶಾಲು ಹೊದೆಸುವಾಗ ‘ನಮ್ಮ ಗಲ್ಲಿಯ ಗಟಾರಕ್ಕೆ ಮುಚ್ಚಳ ಯಾವಾಗ ಹಾಕಿಸ್ತೀರಿ’ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಸ್ಟೇಶನ್ ರಸ್ತೆಯಲ್ಲಿ ಹೊಟೇಲು ನಡೆಸುವ ನಮ್ಮ ಅಣ್ಣನವರ ವರಸೆ ಇನ್ನೊಂದು. ಗೆದ್ದ 29 ಮಂದಿಯನ್ನು ಶಿಂದೆಯವರ ಪಕ್ಷ ಬಾಂದ್ರಾದ ಪಂಚತಾರಾ ಹೊಟೇಲಿನಲ್ಲಿ ಇರಿಸಿತಲ್ಲ, ಅದನ್ನು ಟಿವಿಯಲ್ಲಿ ನೋಡುತ್ತ, ‘ಇವರಿಗೆಲ್ಲ ನಮ್ಮಲ್ಲಿ ರೈಸ್‌ಪ್ಲೇಟ್ ಸಾಕಿತ್ತು ಮಾರಾಯ್ರೆ, ಪಾಪಡ್ ಫ್ರೀ ಕೊಡ್ತಿದ್ದೆ’ ಅಂದರು. ನಗುವುದು ಅಣ್ಣನಿಗೆ ರೂಢಿ. ಆದರೆ ಪ್ರಚಾರದ ಕಾಲದಲ್ಲಿ ಅವರ ನಗು ಸ್ವಲ್ಪ ಇಳಿದಿತ್ತು. ಒಂದು ಕಾಲಕ್ಕೆ ನಮ್ಮ ಉಡುಪಿಯಲ್ಲೇ ಎಸ್ಪಿ ಆಗಿದ್ದ ಬಿಜೆಪಿಯ ಅಣ್ಣಾಮಲೈ ಇಲ್ಲಿಗೆ ಪ್ರಚಾರಕ್ಕೆ ಬಂದು, ಬಾಂಬೆ ಬರೀ ಮಹಾರಾಷ್ಟ್ರದ ಊರಲ್ಲ, ಅಂತರರಾಷ್ಟ್ರೀಯ ನಗರ ಅಂದರು. ಅದಕ್ಕೆ ರಾಜ್ ಠಾಕ್ರೆ, ಅಣ್ಣಾಮಲೈಯವರನ್ನು ರಸಮಲೈ ಅಂತ ಗೇಲಿ ಮಾಡಿ, ದಕ್ಷಿಣದವರ ವಿರುದ್ಧದ ಅರವತ್ತರ ದಶಕದ ಆ ಹಳೆಯ ಲುಂಗಿ ಘೋಷಣೆಯನ್ನು ಮತ್ತೆ ನೆನಪಿಸಿದರು. ಆಗ ಕಲ್ಲು ಬಿದ್ದದ್ದು ಉಡುಪಿ ಹೊಟೇಲುಗಳ ಗಾಜಿಗೇ. ಅಣ್ಣನ ಅಪ್ಪ ಆ ದಿನಗಳಲ್ಲಿ ಅರ್ಧ ಶಟರ್ ಇಳಿಸಿಕೊಂಡು ಇಡ್ಲಿ ಮಾರಿದವರು. ‘ಇಬ್ಬರು ಹೊರಗೆ ನಿಂತು ಜಗಳ ಆಡಿದ್ರೆ ಗಾಜು ಒಡೆಯೋದು ನಮ್ಮದು’ ಅಂದರು ಅಣ್ಣ. ಈ ಸಲ ಗಾಜು ಒಡೆಯಲಿಲ್ಲ, ದೇವರ ದಯ. ವಹಿನಿಯೂ ಆ ಲುಂಗಿ ಘೋಷಣೆಗೆ ಮುಖ ಸಿಂಡರಿಸಿದರು ಎಂಬುದನ್ನು ಇಲ್ಲಿ ಬರೆದಿಡಬೇಕು.

ಶಾಯಿಯದ್ದು ಇನ್ನೊಂದು ರಾಮಾಯಣ. ಬೆರಳಿಗೆ ಮಾರ್ಕರ್ ಪೆನ್ನಿನಲ್ಲಿ ಗೀಟು ಎಳೆದರು. ಅಳಿಸಿಹೋಗುತ್ತದೆ ಅಂತ ಊರಿಗೆಲ್ಲ ಗಲಾಟೆ. ನಮ್ಮ ಬಿಲ್ಡಿಂಗಿನ ಹುಡುಗಿಯರು ನೈಲ್‌ಪಾಲಿಶ್ ರಿಮೂವರ್ ತಂದು ಮೆಟ್ಟಿಲ ಮೇಲೆ ಪ್ರಯೋಗಶಾಲೆಯನ್ನೇ ತೆರೆದರು. 1962ರಿಂದ ದೇಶದ ಬೆರಳಿಗೆಲ್ಲ ಶಾಯಿ ಬಳಿದ ಮೈಸೂರಿನ ಬಣ್ಣದ ಕಾರ್ಖಾನೆ ನಮ್ಮದಿರುವಾಗ ಈ ಪೆನ್ನಿನ ಗೊಡವೆ ಯಾಕೆ ಬೇಕಿತ್ತು ಅಂತ ನಾನು ಒಂದಿಷ್ಟು ಜಂಬ ಕೊಚ್ಚಿಕೊಂಡೆ. ಅಂತೂ ಬೆರಳು ಒಡ್ಡಿದವರೇ ನೂರಕ್ಕೆ ಐವತ್ಮೂರರಷ್ಟು. ಮಿಕ್ಕವರು ಗುರುವಾರದ ರಜೆ ನೋಡಿಕೊಂಡು ಲೋಣಾವಳಕ್ಕೆ ಹೋಗಿದ್ದಿರಬೇಕು.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಸಂಗತಿ ಯಾರ ಬಾಯಲ್ಲೂ ಬರಲಿಲ್ಲ. 2017ರಲ್ಲಿ ಆರಿಸಿದವರ ಅವಧಿ 2022ರ ಮಾರ್ಚಿಗೇ ಮುಗಿದಿತ್ತು. ಆಮೇಲೆ ನಾಲ್ಕು ವರ್ಷದ ಹತ್ತಿರ ಮುಂಬಯಿಗೆ ನಗರಸೇವಕರೇ, ಅಂದರೆ ಕಾರ್ಪೊರೇಟರುಗಳೇ, ಇರಲಿಲ್ಲ. ಸುಪ್ರೀಂ ಕೋರ್ಟು ಗಡುವು ಹಾಕಿದ ಮೇಲೆ ಈ ಚುನಾವಣೆ. 2025-26ರಲ್ಲಿ 74,427 ಕೋಟಿ ರೂಪಾಯಿಯ ಬಜೆಟ್ಟನ್ನು ಅಧಿಕಾರಿಯೊಬ್ಬರೇ ಕೂತು ಮಂಜೂರು ಮಾಡಿದರು. ಕೇಳಲು ಸಭಾಗೃಹದಲ್ಲಿ ಯಾರೂ ಇಲ್ಲ. ನಮಗೆ ಅದರ ಬಿಸಿ ತಟ್ಟಿದ್ದು ಬಜೆಟ್ಟಿನಲ್ಲಲ್ಲ, ಲೆಟರ್‌ಹೆಡ್ಡಿನಲ್ಲಿ. ಆಧಾರಿನಲ್ಲಿ ವಿಳಾಸ ಬದಲಿಸಲು ನಗರಸೇವಕರ ಸಹಿ ಬೇಕೆಂದು ಒಬ್ಬ ಗುಮಾಸ್ತ ಹೇಳಿದ. ನಗರಸೇವಕರೇ ಇಲ್ಲವಲ್ಲ ಎಂದರೆ, ‘ಚುನಾವಣೆ ಆದ ಮೇಲೆ ಬನ್ನಿ’ ಎಂಬ ಉತ್ತರ. ‘ಮಾಜಿ’ ಎಂದು ಅಚ್ಚು ಹಾಕಿಸಿಕೊಂಡವರು ಮಾತ್ರ ಗಣೇಶ ಚತುರ್ಥಿಗೆ ತಪ್ಪದೆ ಬ್ಯಾನರ್ ಕಟ್ಟಿಸಿದರು.

ನಗರಸೇವಕರು ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ ಬಿಡಿ. 2019ರ ಜುಲೈ 2ರ ನಡುರಾತ್ರಿ ನಮ್ಮ ಮಲಾಡಿನ ಕುರಾರ್ ಭಾಗದ ಪಿಂಪ್ರಿಪಾಡಾದಲ್ಲಿ ಪಾಲಿಕೆಯದೇ ಜಲಾಶಯದ ಕಂಪೌಂಡ್ ಗೋಡೆ ಮಳೆಗೆ ಕುಸಿದು ಜೋಪಡಿಗಳ ಮೇಲೆ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಜನ ಮಣ್ಣುನೀರಿನಲ್ಲಿ ಪ್ರಾಣಬಿಟ್ಟರು. ಆಗ 227 ನಗರಸೇವಕರೂ ಇದ್ದರು, ಮೇಯರೂ ಇದ್ದರು. ನಮ್ಮ ಹರಟೆಯಲ್ಲಿ ಈ ವಿಷಯ ಬಂದಾಗ ವಹಿನಿಯೂ ಅಣ್ಣನೂ ಒಂದೇ ಮಾತು ಆಡಿದರು: ಅಲ್ಲಿ ಸತ್ತವರ ಅಡ್ಡಹೆಸರನ್ನು ಯಾರೂ ಹುಡುಕಲಿಲ್ಲ.

‘ನಮ್ಮವರು’ ಬೇಡ ಅಂತ ನಾನು ಹೇಳುವುದಿಲ್ಲ. ಮಂಗಳೂರಿನಿಂದ ಬರಿಗೈಲಿ ಬಂದ ಜಾರ್ಜ್ ಫೆರ್ನಾಂಡಿಸ್ 1961ರಿಂದ 68ರವರೆಗೆ ಇದೇ ಪಾಲಿಕೆಯಲ್ಲಿ ಕೂತಿದ್ದರು. ಅವರನ್ನು ಅಲ್ಲಿಗೆ ಕಳಿಸಿದ್ದು ಸನ್ಮಾನ ಸಮಿತಿಯಲ್ಲ. ಟ್ಯಾಕ್ಸಿಯವರು, ಹೊಟೇಲ್ ಹುಡುಗರು, ಮುನ್ಸಿಪಾಲಿಟಿಯ ಕೆಲಸಗಾರರು. ದೂರದ ಲಂಡನ್ನಿನಲ್ಲೂ ಕಲಬುರ್ಗಿ ಕಡೆಯ ಡಾ. ನೀರಜ್ ಪಾಟೀಲರು ಲ್ಯಾಂಬೆತ್ ಬರೋಗೆ 2010ರಲ್ಲಿ ಮೇಯರಾದರು. ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಂತದ್ದು ಅವರ ಓಡಾಟದಿಂದ. ಆದರೆ ಅಲ್ಲಿ ಅವರನ್ನು ಆರಿಸಿ ಕಳಿಸುವಷ್ಟು ಕನ್ನಡಿಗರು ಎಲ್ಲಿದ್ದರು? ಅಲ್ಲಿನ ಕೌನ್ಸಿಲ್ ಚುನಾವಣೆಯೆಂದರೆ ಕಸದ ಡಬ್ಬಿ, ರಸ್ತೆಯ ಹೊಂಡ, ಪಾರ್ಕಿಂಗ್ ಇವೇ ಮಾತು ಎಂದು ಅಲ್ಲಿರುವ ನನ್ನ ತಮ್ಮನ ಮಗ ಹೇಳುತ್ತಾನೆ. ಇಲ್ಲೂ ಇರುವುದು ಅವೇ ಮೂರು. ನಾವು ಮಾತ್ರ ಮುಂಬಯಿ ಯಾರದ್ದು ಎಂಬುದನ್ನು ತೀರ್ಮಾನಿಸಲು ಮತಗಟ್ಟೆಗೆ ಹೋಗಿ, ಜೂನಿನಲ್ಲಿ ಮಲಾಡ್ ಸಬ್‌ವೇಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತೇವೆ.

ಆದ್ದರಿಂದ ಮಲಾಡಿನ ಬಂಧುಗಳೇ, ಶಾಲು ಹಾರದ ದುಡ್ಡು ಸದ್ಯಕ್ಕೆ ಬದಿಗಿಡಿ. ನಿಮ್ಮ ವಾರ್ಡಿನಿಂದ ಗೆದ್ದವರ ನಂಬರು ಬರೆದಿಟ್ಟುಕೊಳ್ಳಿ. ಮಳೆಗೆ ಮೊದಲೇ ಫೋನ್ ಮಾಡಿ, ನಮ್ಮ ಮನೆ ಹಿಂದಿನ ನಾಲಾದ ಹೂಳು ಯಾವಾಗ ತೆಗೆಸುತ್ತೀರಿ ಎಂದು ಕೇಳಿ. ಫೋನ್ ಎತ್ತಿ ಉತ್ತರ ಕೊಟ್ಟವರು ಯಾರೆಂದು ನನಗೂ ತಿಳಿಸಿ. ಅವರ ಅಡ್ಡಹೆಸರು ಏನೇ ಇರಲಿ, ಊರಿನ ಭಾವನಿಗೆ ಅವರು ನಮ್ಮವರು ಎಂದೇ ಹೇಳುತ್ತೇನೆ.