ಬಲ್ಮಠದಿಂದ ಹಂಪನಕಟ್ಟೆಗೆ

ಮಂಗಳೂರಿನಲ್ಲಿ ಬಲ್ಮಠ ಗುಡ್ಡದ ಮೇಲಿದೆ, ಹಂಪನಕಟ್ಟೆ ಕೆಳಗಿದೆ. ಬಾಸೆಲ್ ಮಿಷನ್ನಿನವರ ಕಾಲದ ಶಾಂತಿ ಕಥೀಡ್ರಲಿನಿಂದ ಹೊರಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ ನಡೆದರೂ 1680ರಲ್ಲಿ ಸ್ಥಾಪನೆಯಾದ ಕಥೋಲಿಕರ ಮಿಲಾಗ್ರಿಸ್ ಚರ್ಚು ಮುಟ್ಟಲು ಅರ್ಧ ಗಂಟೆ ಬೇಡ. ನನಗೆ ಮಾತ್ರ ಬ್ಯಾಂಕಿನಿಂದ ನಿವೃತ್ತಿಯಾಗುವವರೆಗೆ ಹಿಡಿಯಿತು. ದಾರಿಯೆಲ್ಲ ಇಳಿಜಾರು ಎಂದರೆ ನಮ್ಮ ಮಿಷನ್ನಿನವರು ಅರ್ಥಗರ್ಭಿತವಾಗಿ ನಗಬಹುದು. ಅದು ಭೂಗೋಳದ ಮಾತು, ದೇವಶಾಸ್ತ್ರದ್ದಲ್ಲ.

ನಮ್ಮೂರಲ್ಲಿ ಪ್ರೊಟೆಸ್ಟೆಂಟನೊಬ್ಬ ಕಥೋಲಿಕನಾಗುವುದಕ್ಕೆ ಎಲ್ಲರೂ ಒಪ್ಪುವ ಕಾರಣ ಒಂದೇ, ಮದುವೆ. ಸುದ್ದಿ ಕೇಳಿದ ಅಕ್ಕ ಮೊದಲು ನನ್ನ ಹೆಂಡತಿಗೆ ಫೋನು ಮಾಡಿ ಅವಳ ಆರೋಗ್ಯ ವಿಚಾರಿಸಿದಳು. ಅವಳು ಗಟ್ಟಿಮುಟ್ಟಾಗಿದ್ದಾಳೆ ಎಂದು ಖಚಿತವಾದ ಮೇಲೆ ನನ್ನನ್ನು ಕರೆದು, "ಮತ್ತೆಂತದು ಮಾರಾಯ ನಿಂಗೆ, ಈ ವಯಸ್ಸಿನಲ್ಲಿ?" ಎಂದಳು. ಹೆಂಡತಿಗೆ ಇಷ್ಟು ಗಾಬರಿ ಇರಲಿಲ್ಲ. "ಭಾನುವಾರ ತಿಂಡಿ ಎಷ್ಟು ಗಂಟೆಗೆ ಆಗಬೇಕು, ಅದೊಂದು ಹೇಳಿಬಿಡಿ" ಎಂದಳಷ್ಟೆ. ಅವಳು ಈಗಲೂ ಬಲ್ಮಠದವಳೇ. ಸ್ಕೂಟರಿನಲ್ಲಿ ಅವಳನ್ನು ಮೇಲೆ ಬಿಟ್ಟು ನಾನು ಕೆಳಗೆ ಬರುತ್ತೇನೆ.

ನಿಜವಾದ ಕಾರಣ ಹೇಳಿದರೆ ಯಾರಿಗೂ ರುಚಿಸುವುದಿಲ್ಲ. ಬೆಳಗಿನ ನಡಿಗೆಯಲ್ಲಿ ಮಳೆ ಹಿಡಿದುಕೊಂಡಿತು, ಮಿಲಾಗ್ರಿಸಿನೊಳಗೆ ನಿಂತೆ. ವಾರದ ದಿನದ ಪೂಜೆ ನಡೆದಿತ್ತು. ಹತ್ತಿಪ್ಪತ್ತು ಜನ, ಹೆಚ್ಚಿನವರು ಅಜ್ಜಿಯಂದಿರು. ನೀನು ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಾದರೆ ಹೊಸಬ ಬಂದು ಕುಳಿತರೆ ಆಶೀರ್ವಚನ ಮುಗಿಯುವಷ್ಟರಲ್ಲಿ ಅವನ ಮೂರು ತಲೆಮಾರು ಹೊರಗೆ ಬಂದಿರುತ್ತದೆ! ಅದು ಪ್ರೀತಿಯೇ, ಸಂಶಯವಿಲ್ಲ. ಆದರೆ ಆ ಮುಂಜಾನೆ ನನಗೆ ಪ್ರೀತಿ ಬೇಕಿರಲಿಲ್ಲ, ಸುಮ್ಮನೆ ಕೂರಲು ಒಂದು ಬೆಂಚು ಬೇಕಿತ್ತು. ಮತ್ತೆ ಮತ್ತೆ ಹೋದೆ. ನಮ್ಮ ಆರಾಧನೆಯ ನಡುಮನೆ ಪ್ರಸಂಗ, ಅವರದು ಬಲಿಪೀಠ. ಅಲ್ಲಿ ಎತ್ತಿಹಿಡಿಯುವ ರೊಟ್ಟಿ ಬರೀ ನೆನಪಲ್ಲ, ಕ್ರಿಸ್ತನೇ ಎಂದು ಅವರ ನಂಬಿಕೆ. ಆ ವಿಷಯ ಸಾಕಷ್ಟು ಓದಿದೆ. ಓದಿನಿಂದ ತೀರ್ಮಾನವಾಗಲಿಲ್ಲ. ಒಂದು ದಿನ ಉಳಿದವರ ಜೊತೆ ನಾನೂ ಮೊಣಕಾಲೂರಿದ್ದೆ, ವಾದ ಅಲ್ಲಿಗೆ ಮುಗಿದಿತ್ತು.

ದೊಡ್ಡವರ ಕಥೆ ಬೇರೆ. ಆಕ್ಸ್‌ಫರ್ಡಿನ ಜಾನ್ ಹೆನ್ರಿ ನ್ಯೂಮನ್ ಆಂಗ್ಲಿಕನ್ ಸಭೆ ಬಿಡುವ ಮೊದಲು ಸಿದ್ಧಾಂತದ ಬೆಳವಣಿಗೆಯ ಮೇಲೆ ಒಂದು ಇಡೀ ಗ್ರಂಥಕ್ಕೆ ಕೂತರು. 1845ರ ಅಕ್ಟೋಬರಿನ ಒಂದು ರಾತ್ರಿ, ಕುದುರೆ ಕೋಚಿನ ಮೇಲೆ ಕೂತು ಮಳೆಯಲ್ಲಿ ತೊಯ್ದು ಬಂದಿದ್ದ ಇಟಲಿಯ ಪಾದ್ರಿ ಡೊಮಿನಿಕ್ ಬಾರ್ಬೇರಿ ಬೆಂಕಿಯ ಮುಂದೆ ಮೈ ಒಣಗಿಸಿಕೊಳ್ಳುತ್ತಿದ್ದಾಗ ನ್ಯೂಮನ್ ಆ ಪಾದ್ರಿಯ ಕಾಲಿಗೆ ಬಿದ್ದರು. ಗ್ರಂಥ ಅರ್ಧಕ್ಕೇ ನಿಂತಿತು. 2019ರಲ್ಲಿ ಅವರು ಸಂತರಾದರು. ನನ್ನ ಅವರ ನಡುವಿನ ಹೋಲಿಕೆ ಮಳೆಗೆ ಮುಗಿಯುತ್ತದೆ.

ನಂಬಿಕೆ ಬೇಗ ದಾಟುತ್ತದೆ, ಹಿಂದೆ ಉಳಿಯುವುದು ನಾಲಿಗೆ. ಕರ್ತನ ಪ್ರಾರ್ಥನೆಯನ್ನೇ ನೋಡಿ. ಕೇಡಿನಿಂದ ತಪ್ಪಿಸು ಎಂದ ಕೂಡಲೇ ನಾವು ರಾಜ್ಯ, ಬಲ, ಮಹಿಮೆ ಎಲ್ಲವನ್ನೂ ದೇವರಿಗೆ ಒಪ್ಪಿಸಿ ಆಮೆನ್ ಎನ್ನುತ್ತೇವೆ. ಪೂಜೆಯಲ್ಲಿ ನಡುವೆ ಗುರುಗಳದೊಂದು ಸಣ್ಣ ಪ್ರಾರ್ಥನೆ ಬಂದು, ಆಮೇಲಷ್ಟೆ ಜನ ಆ ಮಾತು ಹೇಳುವುದು. ಜಪಸರ ಹೇಳುವಾಗ ಅದು ಇಲ್ಲವೇ ಇಲ್ಲ. ನನ್ನ ನಾಲಿಗೆಯೋ ಸ್ಟಾಪು ಬಂದರೂ ನಿಲ್ಲದ ನಮ್ಮ ಸರ್ವಿಸ್ ಬಸ್ಸಿನಂತೆ ಮುಂದಕ್ಕೇ ಹೋಗುತ್ತದೆ.

ಹಾಡೂ ಹಾಗೆಯೇ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹೊರಟವರು ಇಲ್ಲಿಗೆ ಬಂದು ಸೇರಿದ ಮೇಲೆ ನಮಗೆ ಹಂಚು, ಅಚ್ಚುಮೊಳೆಗಳ ಜೊತೆ ಜರ್ಮನ್ ರಾಗಗಳನ್ನೂ ಕೊಟ್ಟರು. ಅವನ್ನು ಕನ್ನಡದಲ್ಲಿ, ತುಳುವಿನಲ್ಲಿ, ಒಂದು ಚರಣವನ್ನೂ ಬಿಡದೆ ಗಂಟಲು ಬಿಚ್ಚಿ ಹಾಡಿ ಬೆಳೆದವನು ನಾನು. ಹೊಸ ಮನೆಯಲ್ಲಿ ಗಾಯನ ಬಹುಮಟ್ಟಿಗೆ ಗಾಯನ ಮಂಡಳಿಯ ಜವಾಬ್ದಾರಿ. ನಾನು ದನಿ ಎತ್ತಿದರೆ ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ. ಮೇಲಾಗಿ ಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ. ನನ್ನದು ಬ್ಯಾಂಕ್ ಕೌಂಟರಿನ ಕೊಂಕಣಿ. ಬಡ್ಡಿ, ಅಡವು, ಜಾಮೀನು ಗೊತ್ತು, ಕೃಪೆಯ ಕೊಂಕಣಿ ಹೊಸದಾಗಿ ಕಲಿಯಬೇಕಾಯಿತು. ದೂರುವ ಹಾಗಿಲ್ಲ, ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಬಂದಿದ್ದರೆ ಲ್ಯಾಟಿನ್ ಕಾದಿರುತ್ತಿತ್ತು.

ಪ್ರಸಂಗದಲ್ಲಿ ಮಾತ್ರ ಶುದ್ಧ ಲಾಭ. ನಮ್ಮ ಅಯ್ಯನವರು ಮುಕ್ಕಾಲು ಗಂಟೆಗೆ ಪೀಠಿಕೆ ಮುಗಿಸುತ್ತಿದ್ದರು. ಇಲ್ಲಿ ಪೋಪ್ ಫ್ರಾನ್ಸಿಸರೇ 2024ರಲ್ಲಿ, ಎಂಟು ನಿಮಿಷ ಮೀರಬಾರದು, ಜನ ನಿದ್ದೆ ಹೋಗುತ್ತಾರೆ ಎಂದಿದ್ದರು. ಎಲ್ಲ ಗುರುಗಳಿಗೂ ಆ ಸುದ್ದಿ ಮುಟ್ಟಿದಂತಿಲ್ಲ.

ನನ್ನ ಹಿಂದೆ ಬರುವವರಿಗೆ ಒಂದು ಎಚ್ಚರಿಕೆ. ದಶಾಜ್ಞೆಗಳು ಎರಡೂ ಕಡೆ ಹತ್ತೇ, ಎಣಿಕೆ ಬೇರೆ. ವಿಗ್ರಹದ ಮಾತನ್ನು ಕಥೋಲಿಕರು ಮೊದಲನೆಯದರಲ್ಲೇ ಸೇರಿಸಿ, ದುರಾಸೆಯದನ್ನು ಕೊನೆಗೆ ಎರಡು ಮಾಡುತ್ತಾರೆ. ಹೀಗಾಗಿ ಬಲ್ಮಠದಲ್ಲಿ ಏಳನೆಯದು ವ್ಯಭಿಚಾರ, ಮಿಲಾಗ್ರಿಸಿನಲ್ಲಿ ಕಳವು. ಪಾಪನಿವೇದನೆಯಲ್ಲಿ ನಾಚಿಕೊಂಡು ನಂಬರು ಮಾತ್ರ ಹೇಳುವವರು ಇದನ್ನು ಗಮನಿಸಬೇಕು.

ಮರಿಯಮ್ಮನ ವಿಚಾರದಲ್ಲಿ ಅಕ್ಕನಿಗೆ ಆತಂಕವಿತ್ತು. ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಅಕ್ಕನನ್ನು ಒಮ್ಮೆ ಗೆಳೆಯರ ಮನೆಗೆ ಕರೆದೊಯ್ದೆ. ಮಕ್ಕಳು ಬುಟ್ಟಿಯ ಹೂ ಹಾಕುವುದು, ಆಶೀರ್ವದಿಸಿದ ತೆನೆ, ಹೊಸ ಅಕ್ಕಿ, ಮೀನೇ ಇಲ್ಲದ ಕಥೋಲಿಕ ಊಟ, ಎಲ್ಲ ನೋಡಿದಳು. ಹೂವಿನ ವಿಷಯಕ್ಕೆ ಅವಳ ತಕರಾರೇನೂ ಇರಲಿಲ್ಲ. ಮೀನಿಲ್ಲದ್ದು ಅಷ್ಟು ಸರಿಬರಲಿಲ್ಲ. ಅದೇ ಹುರುಪಿನಲ್ಲಿ ನಾನು, ಜಗಳಕ್ಕೆ ಮೂಲವಾದ ನೀತಿವಂತಿಕೆಯ ವಿಚಾರದಲ್ಲಿ ಲೂಥರನ್ನರೂ ಕಥೋಲಿಕರೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ದನ್ನು ವಿವರಿಸಿದೆ. ಅಕ್ಕ ಪೂರ್ತಿ ಕೇಳಿ, "ರಾಜಿ ಆಗಿದೆಯಲ್ಲ, ಮತ್ತೆ ನೀನು ಹೋದದ್ದು ಯಾಕೆ?" ಎಂದಳು. ನನ್ನಲ್ಲಿ ಇದಕ್ಕೆ ಇನ್ನೂ ಉತ್ತರವಿಲ್ಲ.

ಕಥೋಲಿಕರು ನನಗೆ ಮತ್ತೆ ದೀಕ್ಷಾಸ್ನಾನ ಕೊಡಲಿಲ್ಲ. ನೀರಿನಿಂದ, ತ್ರಿಯೇಕ ದೇವರ ಹೆಸರಲ್ಲಿ ಒಮ್ಮೆ ಆಗಿದ್ದರೆ ಆಯಿತು, ಎರಡನೆಯದಿಲ್ಲ ಎಂಬುದು ಅವರ ನಿಯಮ. ಅದಕ್ಕೆ ಪ್ರಮಾಣಪತ್ರ ಬೇಕು, ಅದಿರುವುದು ಹಳೆಯ ಸಭೆಯಲ್ಲಿ. ಮನೆ ಬಿಡುವುದಕ್ಕೆ ಆ ಮನೆಯ ಯಜಮಾನರ ಹತ್ತಿರವೇ ಕಾಗದ ಕೇಳಲು ಹೋದೆ. ಅಯ್ಯನವರು ದಫ್ತರ ತೆಗೆದು ಹೆಸರು ಹುಡುಕಿ, ಬರೆದು ಮೊಹರು ಹಾಕಿ ಕೊಟ್ಟರು. "ಬೆಳೆ ಹಬ್ಬದ ಏಲಂಗೆ ಬರ್ತೀರಲ್ಲ?" ಎಂದಷ್ಟೇ ಕೇಳಿದರು.

ತಪ್ಪದೆ ಹೋಗುತ್ತೇನೆ. ನೀವೂ ಬನ್ನಿ, ಯಾವ ಸಭೆ ಎಂದು ಯಾರೂ ಕೇಳುವುದಿಲ್ಲ, ದುಡ್ಡು ತಂದಿರಾ ಎಂದು ನೋಡುತ್ತಾರೆ. ಕುಂಬಳಕಾಯಿಗೆ ಮಾತ್ರ ಕೂಗಬೇಡಿ. ಅದು ನಮ್ಮಕ್ಕನದು, ರೇಟು ಎಷ್ಟೇ ಏರಲಿ ಅವಳು ಬಿಡುವುದಿಲ್ಲ.