ಕಕ್ಕಡದ ಕೆಂಪು ದೀಪ

ನಮ್ಮ ಹಳೆ ಕಾರಿಗೆ ಒಂದು ವಿಚಿತ್ರ ಕಾಯಿಲೆ. ಅದನ್ನು ಕಂಡುಹಿಡಿಯಬೇಕಾದವರ ಎದುರಿಗೆ ಬಂದ ಕೂಡಲೇ ವಾಸಿಯಾಗಿಬಿಡುತ್ತದೆ. ತಿತಿಮತಿ ದಾಟಿ ಆನೆಚೌಕೂರಿನ ಕಾಡಿನಲ್ಲಿ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಜಡಿಯುವಾಗಲೇ ಬ್ಯಾಟರಿ ಚಿತ್ರದ ಕೆಂಪು ದೀಪ ಮಿಣುಕುವುದು, ಹೆಡ್‌ಲೈಟು ಮಂಕಾಗುವುದು, ವೈಪರು ಅರ್ಧ ಗಾಜಿನಲ್ಲಿ ನಿಂತು ಯೋಚನೆಗೆ ಬೀಳುವುದು. ‘ಆನೆ ಬಂದರೆ ಏನ್ರೀ ಮಾಡೋದು?’ ಎಂದು ಹೆಂಡತಿ ಕೇಳುತ್ತಾಳೆ. ಆನೆಗೂ ನಮಗೂ ನಡುವೆ ಇರುವುದು ಆ ಬ್ಯಾಟರಿ ಒಂದೇ! ಅದೇ ಕಾರು ಗೋಣಿಕೊಪ್ಪಲಿನ ಗ್ಯಾರೇಜಿನ ಮುಂದೆ, ಹೆಡ್‌ಮಾಸ್ತರರ ಎದುರು ಕೈಕಟ್ಟಿ ನಿಂತ ಹುಡುಗನಂತೆ ನಿಂತುಕೊಳ್ಳುತ್ತದೆ.

ಸಲಹೆಗಳಿಗೆ ಕೊರತೆ ಇರಲಿಲ್ಲ. ಸಂತೆಯಲ್ಲಿ ಸಿಕ್ಕವರು ಬ್ಯಾಟರಿ ಬದಲಿಸಿ ಎಂದರು, ಬದಲಿಸಿದೆ. ಎರಡೇ ತಿಂಗಳಲ್ಲಿ ಹೊಸದೂ ಹಳತರಂತೆ ‘ಕಟ್’ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ನೆಂಟರೊಬ್ಬರು ಡೈನಮೋ ಹೋಗಿದೆ ಎಂದರು. ಅಪ್ಪನಿಗೆ ಇದೆಲ್ಲ ಬೇಕಿರಲಿಲ್ಲ. ಅವರು ಕಾರನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಬ್ರೇಕ್ ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಎದ್ದೇಳುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೇ ಸೆಲ್ಫ್ ಬಂದಿತ್ತು, ಆದರೆ ಕೊಡಗಿನಲ್ಲಿ ದೇವರು ಅದಕ್ಕೂ ಮೊದಲೇ ಇಳಿಜಾರು ಕೊಟ್ಟಿದ್ದ.

ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ಮೀಟರು ಹಿಡಿದು ಬಂದ. ಎಂಜಿನ್ ನಿಂತಿದ್ದಾಗ 12.6 ವೋಲ್ಟ್, ಓಡುವಾಗ 14.1. ‘ಬ್ಯಾಟರಿ, ಡೈನಮೋ ಎರಡೂ ಸರಿ ಇವೆ ಸಾರ್.’ ಹೋಗಿಬಿಡುತ್ತಾನೆಂದುಕೊಂಡೆ. ಅವನು ಹೆಡ್‌ಲೈಟು, ವೈಪರು ಎಲ್ಲ ಹಾಕಿಸಿದ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿ, ಅರ್ತ್ ವೈರನ್ನು ಮೆಲ್ಲಗೆ ಅಲುಗಿಸಿದ. 0.1 ಇದ್ದದ್ದು ಒಮ್ಮೆಗೇ 0.9ಕ್ಕೆ ಹಾರಿತು. ‘ಇಲ್ಲಿ ಸೊನ್ನೆಯ ಹತ್ತಿರ ಇರಬೇಕು ಸಾರ್. ಪ್ಲಸ್ಸಿಂದ ಹೊರಟ ಕರೆಂಟು ಕಾರಿನ ಮೈಯಲ್ಲೇ ಮೈನಸ್ಸಿಗೆ ವಾಪಸ್ ಬರಬೇಕು. ವಾಪಸ್ ಬರೋ ದಾರೀನೇ ಕೆಟ್ಟಿದೆ.’ ನಮ್ಮ ತೋಟದ ರಸ್ತೆಯ ಹಾಗೇ!

ಬೋಲ್ಟ್ ಬಿಚ್ಚಿದ. ವೈರಿನ ತುದಿಯ ತಾಮ್ರದ ಲಗ್ಗಿನ ಮೇಲೆ ಹಸಿರು ಹುಡಿ, ಅಡಿಯಲ್ಲಿ ತುಕ್ಕು. ಮೇಲಿನಿಂದ ನೋಡಿದರೆ ಗಟ್ಟಿಯಾಗಿ ಕೂತಂತೆ. ಒಳಗೆ ಕೂದಲೆಳೆಯಷ್ಟೇ ಸಂಪರ್ಕ. ಬಿಸಿಲಲ್ಲಿ ಹೇಗೋ ತಾಗಿಕೊಂಡಿರುತ್ತದೆ. ತೇವವಿದ್ದು ರಸ್ತೆ ಕುಲುಕಿದರೆ ಬಿಟ್ಟುಕೊಳ್ಳುತ್ತದೆ. ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಅದು ಯಾಕೆ ಬಿಟ್ಟುಕೊಡುತ್ತದೆ? ಬಿಸಿನೀರು ಸುರಿದು, ಮರಳುಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ. ನೂರೈವತ್ತು ರೂಪಾಯಿ. ಬ್ಯಾಟರಿಗೆ ಸಾವಿರಗಟ್ಟಲೆ ಕೊಟ್ಟವನಿಗೆ ಅದು ಅವಮಾನ ಎನ್ನಿಸಿತು.

ಕಕ್ಕಡ 18ರಂದು ಮದ್ದುಸೊಪ್ಪಿನ ಪಾಯಸ ತಿಂದರೆ ಮರುದಿನ ಮೂತ್ರದ ಬಣ್ಣವೇ ಮದ್ದು ಹತ್ತಿದ್ದಕ್ಕೆ ಸಾಕ್ಷಿ. ಕಾರಿಗೆ ಮದ್ದು ಹತ್ತಿತೆಂಬುದಕ್ಕೆ ಏನು ಸಾಕ್ಷಿ? ದೀಪ ಹತ್ತದಿರುವುದು. ಹತ್ತದ ದೀಪವನ್ನು ಎಷ್ಟು ಹೊತ್ತು ನೋಡುವುದು? ಆನೆಚೌಕೂರಿಗೆ ಎರಡು ಸಲ ಮಳೆಯಲ್ಲಿ ಹೋಗಿ ಬಂದೆ, ಹತ್ತಲಿಲ್ಲ. ಆದರೂ ನಿನ್ನೆ ರಾತ್ರಿ ಮನೆಗೆ ಬಂದವನು, ಅಂಗಳದಲ್ಲಿ ಸಮತಟ್ಟು ಜಾಗವಿದ್ದರೂ, ಕಾರನ್ನು ಗೇಟಿನ ಕಡೆಯ ಇಳಿಜಾರಿನಲ್ಲೇ ನಿಲ್ಲಿಸಿ, ಟೈರಿಗೆ ಕಲ್ಲು ಕೊಟ್ಟು ಒಳಗೆ ಹೋದೆ.