ಪ್ರಳಯರಸ ಮೀಮಾಂಸೆ

ಕಾವ್ಯಮೀಮಾಂಸಕರು ಭಯಾನಕ ರಸಕ್ಕೆ ಮಾಡಿದ ಅನ್ಯಾಯ ಅಷ್ಟಿಷ್ಟಲ್ಲ. ಶೃಂಗಾರಕ್ಕೆ ರಸರಾಜನ ಪಟ್ಟ ಕಟ್ಟಿದರು. ಕರುಣದ ಪರವಾಗಿ ಭವಭೂತಿಯೇ ವಕಾಲತ್ತು ವಹಿಸಿದ. ಶಾಂತ ಒಂದು ರಸ ಹೌದೋ ಅಲ್ಲವೋ ಎಂದು ಪಂಡಿತರು ಶತಮಾನಗಟ್ಟಲೆ ಅಶಾಂತರಾಗಿ ಕಚ್ಚಾಡಿದರು. ಭಯಾನಕ ಮಾತ್ರ ಎಂಎ ಪ್ರಶ್ನೆಪತ್ರಿಕೆಯ ಕಟ್ಟಕಡೆಯಲ್ಲಿ, ಐದು ಅಂಕದ ಟಿಪ್ಪಣಿಯಾಗಿ ಕೂತಿದೆ.

ಇದಕ್ಕೆ ಕಾರಣ ಲಕ್ಷಣದ ದೋಷವಲ್ಲ, ಲಕ್ಷ್ಯದ, ಅಂದರೆ ಉದಾಹರಣೆಯ, ಅಭಾವ. ಭರತಮುನಿಯ ಕಾಲಕ್ಕೆ ಹೆದರಿಸಲು ಸಿಗುತ್ತಿದ್ದದ್ದು ಪಾಳುಮನೆ, ಅಡವಿ, ನರಿ ಮತ್ತು ಗೂಬೆಯ ಕೂಗು, ಅಷ್ಟೆ. ಸಮುದ್ರದ ಒಂದೂವರೆ ಕಿಲೋಮೀಟರ್ ಆಳದಲ್ಲಿ ಬಾಯಿಬಿಟ್ಟ ಎಣ್ಣೆಬಾವಿ, ಅದರ ಮುಂದೆ ಹಗಲಿರುಳು ಕಣ್ಣು ಮಿಟುಕಿಸದೆ ನಿಂತ ಯಂತ್ರಮಾನವನ ಕ್ಯಾಮೆರಾ, ಅದನ್ನು ಮನೆಮನೆಗೂ ತಲುಪಿಸುವ ನೇರಪ್ರಸಾರ ಅವನಿಗೆ ದಕ್ಕಲಿಲ್ಲ. ದಕ್ಕಿದ್ದರೆ ನಾಟ್ಯಶಾಸ್ತ್ರಕ್ಕೆ ಇನ್ನೊಂದು ಅಧ್ಯಾಯ ಸೇರುತ್ತಿತ್ತು. ಅದನ್ನು ಬರೆಯುವ ಹೊಣೆ ಈಗ ಪ್ರಸ್ತುತ ಲೇಖಕನ ಹೆಗಲಿಗೆ ಬಿದ್ದಿದೆ. ಹೊರಿಸಿದವರು ಯಾರೂ ಇಲ್ಲ ಎಂಬುದು ಬೇರೆ ಮಾತು.

ಲಕ್ಷ್ಯವನ್ನು ಮೊದಲು ನಿರೂಪಿಸೋಣ. 2010ರ ಏಪ್ರಿಲ್ 20ರ ರಾತ್ರಿ, ಅಮೆರಿಕದ ಲೂಸಿಯಾನಾ ಕರಾವಳಿಯಿಂದ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ಮೆಕ್ಸಿಕೋ ಕೊಲ್ಲಿಯಲ್ಲಿ, ಬಿಪಿ ಕಂಪನಿಗಾಗಿ ಮಕೊಂಡೊ ಎಂಬ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹರೈಜನ್ ಎಂಬ ಕಟ್ಟೆ ಸ್ಫೋಟಗೊಂಡಿತು. ಹನ್ನೊಂದು ಕೆಲಸಗಾರರು ಸತ್ತರು. ಎರಡು ದಿನ ಉರಿದು ಕಟ್ಟೆ ಮುಳುಗಿತು. ಬಾವಿ ಮಾತ್ರ 87 ದಿನ ಎಣ್ಣೆ ಕಕ್ಕುತ್ತಲೇ ಇತ್ತು. ಸರ್ಕಾರದ ಅಂದಾಜಿನಲ್ಲಿ ಅದು 49 ಲಕ್ಷ ಬ್ಯಾರೆಲ್. ಆಮೇಲೆ ನ್ಯಾಯಾಲಯ ಚೌಕಾಶಿ ಮುಗಿಸಿ 32 ಲಕ್ಷದ ಆಸುಪಾಸಿಗೆ ಇಳಿಸಿತು.

ಇಲ್ಲಿಯೇ ಶಾಸ್ತ್ರಕ್ಕೆ ಮೊದಲ ತೊಡಕು. ಭಯಾನಕದ ಬಣ್ಣ ಕಪ್ಪು, ಅಧಿದೇವತೆ ಕಾಲ ಎಂದು ಭರತ ಹೇಳಿದ್ದಾನೆ. ಕಚ್ಚಾತೈಲ ಕಪ್ಪಾಗಿದ್ದು ಶಾಸ್ತ್ರಕ್ಕೆ ಸಹಕರಿಸಬೇಕಿತ್ತು. ಆದರೆ ಉಪ್ಪುನೀರಿನಲ್ಲಿ ಕಡೆದು, ಬಿಸಿಲಲ್ಲಿ ಬೆಂದು, ದಡಕ್ಕೆ ಬಂದ ಎಣ್ಣೆ ಬಹುಪಾಲು ಕಿತ್ತಳೆ ಮಿಶ್ರಿತ ಕಂದು. ಕಿತ್ತಳೆ ಎಂದರೆ ಕೆಂಪು ಮತ್ತು ಹಳದಿ. ಕೆಂಪು ರೌದ್ರದ ಬಣ್ಣ, ಹಳದಿ ಅದ್ಭುತದ್ದು. ಹಾಗಾದರೆ ಪ್ರೇಕ್ಷಕರಿಗೆ ಆಗಬೇಕಾದದ್ದು ಕೋಪ ಮತ್ತು ಅಚ್ಚರಿ, ಹೆದರಿಕೆಯಲ್ಲ. ಲೇಖಕ ಇದನ್ನು ಹೀಗೆ ಪರಿಹರಿಸುತ್ತಾನೆ: ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂಬುದೂ ಭರತನದೇ ಮಾತು. ಎಣ್ಣೆಯಲ್ಲಿ ಅದ್ದಿ ತೆಗೆದಂತಿದ್ದ ಪೆಲಿಕನ್ ಹಕ್ಕಿಗಳ ಫೋಟೋಗಳನ್ನು ಇಡೀ ಜಗತ್ತು ನೋಡಿತು. ಬೀಭತ್ಸ ಸಿದ್ಧಿಸಿತು. ಮುಂದಿನದು ತಾನಾಗಿ ಆಯಿತು. ಆಗಬೇಕಿದ್ದ ಕೋಪ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ತತ್ಕಾಲಕ್ಕೆ ಬದಿಗಿಡೋಣ.

ಈ ರಸದ ಆಲಂಬನ ವಿಭಾವ ಎಣ್ಣೆ ಎಂದು ಭಾವಿಸುವವರು ಶಾಸ್ತ್ರ ಓದಿದವರಲ್ಲ. ಎಣ್ಣೆ ಕೇವಲ ಉದ್ದೀಪನ, ಭಾವವನ್ನು ಕೆರಳಿಸುವಂಥದ್ದು. ಆಲಂಬನ, ಅಂದರೆ ಭಾವಕ್ಕೆ ಆಧಾರವಾದದ್ದು, ಪ್ರಳಯ, ಮತ್ತು ಆ ವರ್ಷದ ಬೇಸಗೆಯಲ್ಲಿ ಅದು ಹಲವು ಅವತಾರಗಳಲ್ಲಿ ಕಾಣಿಸಿತು.

ಅತ್ಯಂತ ಸರ್ವಾಂಗಸುಂದರವಾದದ್ದು ಮೀಥೇನ್ ಪ್ರಳಯ. ಬಾವಿಯಿಂದ ಎಣ್ಣೆಯ ಜೊತೆ ಮೀಥೇನ್ ಅನಿಲವೂ ಧಾರಾಳವಾಗಿ ಬರುತ್ತಿತ್ತು. ಅಷ್ಟು ಆಳದ ಚಳಿ ಮತ್ತು ಒತ್ತಡದಲ್ಲಿ ಮೀಥೇನ್ ನೀರಿನೊಡನೆ ಬೆರೆತು ಮಂಜುಗಡ್ಡೆಯಂಥ ಹೈಡ್ರೇಟ್ ಆಗುತ್ತದೆ. ಮೇ ತಿಂಗಳ ಮೊದಲ ವಾರ ಸುಮಾರು ನೂರು ಟನ್ ತೂಕದ ಉಕ್ಕಿನ ಗೂಡೊಂದನ್ನು ಬುಗ್ಗೆಯ ಮೇಲೆ ಕವುಚಲು ಹೋದರು. ಹೈಡ್ರೇಟ್ ಅದರೊಳಗೆ ಗಟ್ಟಿಕಟ್ಟಿ, ಕಿಂಡಿ ಮುಚ್ಚಿ, ನೂರು ಟನ್ನಿನ ಉಕ್ಕು ತೇಲುವ ಮನಸ್ಸು ಮಾಡಿತು. ಇಷ್ಟು ನಡೆದದ್ದು. ಜುಲೈ ಹೊತ್ತಿಗೆ ಇದಕ್ಕೆ ಕೈಕಾಲು ಮೂಡಿದ್ದವು. ಕೊಲ್ಲಿಯ ತಳ ಬಲೂನಿನಂತೆ ಉಬ್ಬುತ್ತಿದೆ. ಮೈಲಿಗಟ್ಟಲೆ ಅಗಲದ ಮೀಥೇನ್ ಗುಳ್ಳೆ ಇವತ್ತೋ ನಾಳೆಯೋ ಒಡೆಯಲಿದೆ. ಒಡೆದರೆ ಶಬ್ದಕ್ಕಿಂತ ವೇಗವಾಗಿ ಸುನಾಮಿ ಹೊರಡುತ್ತದೆ. ಆಮೇಲೆ ಮನುಷ್ಯಕುಲಕ್ಕೆ ಮಂಗಳಾರತಿ.

ಇದರ ಹಿಂದೆ ವಿದ್ವತ್ತು ಇಲ್ಲವೆಂದು ಹೇಳುವಂತಿಲ್ಲ. 2003ರಲ್ಲಿ ಗ್ರೆಗರಿ ರಿಸ್ಕಿನ್ ಎಂಬ ಅಮೆರಿಕದ ಪ್ರಾಧ್ಯಾಪಕರು, ಸುಮಾರು 25 ಕೋಟಿ ವರ್ಷಗಳ ಹಿಂದಿನ ಮಹಾವಿನಾಶಕ್ಕೆ ಸಾಗರದಿಂದ ಮೀಥೇನ್ ಉಕ್ಕಿದ್ದು ಕಾರಣವಿರಬಹುದೆಂದು ಒಂದು ಊಹೆ ಮಂಡಿಸಿದ್ದರು. ಆಗ ಕಡಲಜೀವಿಗಳ ಪ್ರಭೇದಗಳಲ್ಲಿ ಹತ್ತರಲ್ಲಿ ಒಂಬತ್ತು ಅಳಿದವು. ಕ್ಯಾಮೆರೂನ್ ದೇಶದ ನ್ಯೋಸ್ ಸರೋವರ 1986ರ ಆಗಸ್ಟಿನಲ್ಲಿ ಒಂದೇ ರಾತ್ರಿ ತಳದ ಇಂಗಾಲದ ಡೈಆಕ್ಸೈಡನ್ನು ಉಗುಳಿ ಸುಮಾರು 1,700 ಜನರನ್ನು ಉಸಿರುಗಟ್ಟಿಸಿ ಕೊಂದದ್ದೂ ನಿಜ. ಆದರೆ ರಿಸ್ಕಿನ್ ಊಹೆಗೆ ಬೇಕಾದದ್ದು ಯುಗಯುಗಾಂತರ ಅಲುಗದೆ ನಿಂತ ನೀರು, ಅದರಲ್ಲಿ ಕರಗಿ ಕೂಡಿಕೊಂಡ ಅನಿಲ. ಕೊಲ್ಲಿಯ ನೀರಿಗೆ ನಿಂತಲ್ಲಿ ನಿಲ್ಲುವ ಅಭ್ಯಾಸವಿಲ್ಲ. ಈ ಷರತ್ತು ಪ್ರಬಂಧದಿಂದ ಜನರ ಬಾಯಿಗೆ ಬರುವ ದಾರಿಯಲ್ಲಿ ಬಿದ್ದುಹೋಯಿತು. ಷರತ್ತುಗಳ ಹಣೆಬರಹವೇ ಅಷ್ಟು. ಬ್ಯಾಂಕಿನ ಸಾಲಪತ್ರದಲ್ಲೂ ಅವನ್ನು ಓದಿದವರಿಲ್ಲ.

ಕಡೆಗೆ ಆ ಮೀಥೇನ್ ಏನಾಯಿತು? ಆಳದ ನೀರಿನಲ್ಲೇ ಉಳಿದ ಅದರ ಬಹುಪಾಲನ್ನು ಬ್ಯಾಕ್ಟೀರಿಯಾ ನಾಲ್ಕು ತಿಂಗಳೊಳಗೆ ತಿಂದು ಮುಗಿಸಿದವು ಎಂದು 2011ರ ಆರಂಭದಲ್ಲಿ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿತು. ಅಷ್ಟು ಬೇಗ ಹೇಗೆ ತಿಂದಾವು ಎಂದು ಇನ್ನೊಂದು ತಂಡ ಆಕ್ಷೇಪಿಸಿತು. ಪ್ರಳಯ ಹೀಗೆ ಸೂಕ್ಷ್ಮಜೀವಿಗಳ ಊಟದ ವೇಗದ ಬಗ್ಗೆ ಪಂಡಿತರ ಎರಡು ತಂಡಗಳ ತಕರಾರಾಗಿ ಕೊನೆಗೊಂಡದ್ದನ್ನು ರಸಾಭಾಸ ಎನ್ನದೆ ವಿಧಿಯಿಲ್ಲ.

ಆ ಬ್ಯಾಕ್ಟೀರಿಯಾಗಳಿಗೂ ಒಂದು ಪ್ರಳಯವಿತ್ತು. 2010ರ ಅದೇ ಮೇ ತಿಂಗಳಲ್ಲಿ ವಿಜ್ಞಾನಿ ಕ್ರೇಗ್ ವೆಂಟರ್ ಪ್ರಯೋಗಾಲಯದಲ್ಲಿ ಜೋಡಿಸಿದ ಜೀನೋಮಿನಿಂದ ನಡೆಯುವ ಜೀವಕೋಶವನ್ನು ಜಗತ್ತಿಗೆ ತೋರಿಸಿದ್ದರು. ಎರಡೂ ಸುದ್ದಿ ಒಂದೇ ತಿಂಗಳಲ್ಲಿ ಬಂದ ಮೇಲೆ ಅವಕ್ಕೆ ಗಂಟುಹಾಕದೆ ಬಿಡುವುದುಂಟೆ? ಕೃತಕ ಜೀವಿಯನ್ನು ಗುಟ್ಟಾಗಿ ಕೊಲ್ಲಿಗೆ ಬಿಟ್ಟಿದ್ದಾರೆ, ಎಣ್ಣೆ ಮುಗಿದ ಮೇಲೆ ಅದು ನಮ್ಮನ್ನು ತಿನ್ನುತ್ತದೆ ಎಂಬ ಸುದ್ದಿ ಹಬ್ಬಿತು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿ, ಅದರ ಪೇಟೆಂಟಿಗಾಗಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರಲ್ಲಿ ಗೆದ್ದವರು ನಮ್ಮ ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಪ್ರಳಯದ ಮೂಲಬೀಜ ಭಾರತೀಯವೇ ಎಂದು ಹೆಮ್ಮೆಪಡಲು ಇಲ್ಲಿ ಅವಕಾಶವಿತ್ತು, ಯಾರೂ ಬಳಸಿಕೊಳ್ಳಲಿಲ್ಲ. ಕೊಲ್ಲಿಯಲ್ಲಿ ತಿಂದವು ಅಲ್ಲಿಯವೇ ಆದ, ಪೇಟೆಂಟಿಲ್ಲದ ಜೀವಿಗಳು. ತಳದ ಬಿರುಕುಗಳಿಂದ ಸಹಜವಾಗಿ ಜಿನುಗುವ ಎಣ್ಣೆ ತಿಂದು ಬಾಳುವುದು ಅವುಗಳ ಕುಲಕಸುಬು.

ಮೂರನೆಯದು ಹಿಮಪ್ರಳಯ. ಕೊಲ್ಲಿಯೊಳಗೆ ನುಗ್ಗಿ, ಕೊಂಕಿ, ಫ್ಲಾರಿಡಾ ಜಲಸಂಧಿಯ ಮೂಲಕ ಹೊರಬೀಳುವ ಪ್ರವಾಹವೊಂದಿದೆ; ಮುಂದೆ ಅದೇ ಗಲ್ಫ್ ಸ್ಟ್ರೀಮ್ ಆಗಿ ಯುರೋಪಿನ ಕಡೆಗೆ ಬಿಸಿ ಹೊರುತ್ತದೆ. ಎಣ್ಣೆಯಿಂದ ಈ ಪ್ರವಾಹ ಕಡಿದುಹೋಗಿದೆ, ಯುರೋಪ್ ಹೆಪ್ಪುಗಟ್ಟಲಿದೆ ಎಂದು ಇಟಲಿಯ ಭೌತವಿಜ್ಞಾನಿಯೊಬ್ಬರು ಉಪಗ್ರಹದ ಚಿತ್ರ ಮುಂದಿಟ್ಟು ಹೇಳಿದರು. 2004ರ ಹಾಲಿವುಡ್ ಸಿನಿಮಾವೊಂದರಲ್ಲಿ ನ್ಯೂಯಾರ್ಕ್ ಹೆಪ್ಪುಗಟ್ಟಿದ್ದನ್ನು ಕಣ್ಣಾರೆ ಕಂಡಿದ್ದ ಜನರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಚಿತ್ರದಲ್ಲಿ ಇದ್ದದ್ದು, ಪ್ರವಾಹದ ಕೊಂಕು ತುಂಡಾಗಿ ಸುಳಿಯಾದ ದೃಶ್ಯ. ಅದು ಕೆಲವು ತಿಂಗಳಿಗೊಮ್ಮೆ ಹಾಗೆ ತುಂಡಾಗುತ್ತಲೇ ಇರುತ್ತದೆ. ಸುಳಿಗಳಿಗೆ ಅಲ್ಲಿಯವರು ಹೆಸರಿಡುವುದೂ ಉಂಟು, ಇದು ಫ್ರಾಂಕ್ಲಿನ್.

ಇಲ್ಲೊಂದು ಲೆಕ್ಕ. ಫ್ಲಾರಿಡಾ ಜಲಸಂಧಿಯಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ನೀರು ಹರಿಯುತ್ತದೆ. 49 ಲಕ್ಷ ಬ್ಯಾರೆಲ್ ಅಂದರೆ 8 ಲಕ್ಷ ಘನ ಮೀಟರಿಗಿಂತ ಕೊಂಚ ಕಡಿಮೆ. 87 ದಿನ ಸುರಿದ ಎಣ್ಣೆಯನ್ನು ಒಟ್ಟಿಗೆ ಸುರುವಿದರೂ ಪ್ರವಾಹಕ್ಕೆ ಅದನ್ನು ಸಾಗಹಾಕಲು ಸೆಕೆಂಡಿನ ಮೂವತ್ತನೇ ಒಂದು ಭಾಗ ಸಾಕು. ಹಿಮಯುಗ ಬಂದಿದ್ದರೂ ರೆಪ್ಪೆ ಮಿಟುಕುವಷ್ಟರಲ್ಲಿ ಮುಗಿದಿರುತ್ತಿತ್ತು.

ಬಿರುಗಾಳಿ ಎಣ್ಣೆಯನ್ನು ಹೀರಿ ಊರ ಮೇಲೆ ಎಣ್ಣೆಮಳೆ ಸುರಿಸುತ್ತದೆ ಎಂಬ ಇನ್ನೊಂದು ಪ್ರಳಯವಿತ್ತು. ಮಳೆ ನಿಂತ ಮೇಲೆ ರಸ್ತೆಯ ಹೊಂಡದಲ್ಲಿ ಕಾಮನಬಿಲ್ಲು ಕಂಡವರು ಕ್ಯಾಮೆರಾ ಹಿಡಿದು ಓಡಿದರು. ಲಾರಿ ನಿಲ್ಲುವ ಯಾವ ಊರಿನಲ್ಲೂ ಈ ಪ್ರಳಯ ಮಳೆಗಾಲದುದ್ದಕ್ಕೂ ಲಭ್ಯ. ಬಾವಿಗೆ ಅಣುಬಾಂಬ್ ಹಾಕಿ ಮುಚ್ಚಿಬಿಡಿ ಎಂದವರೂ ಇದ್ದರು. ಜಗತ್ತು ಮುಗಿಯುತ್ತದೆಂಬ ಭಯಕ್ಕೆ ಅಣುಬಾಂಬ್ ಮದ್ದು! ಆದರೆ ಇದು ಬರೀ ಹುಚ್ಚಲ್ಲ. 1966ರಲ್ಲಿ ಸೋವಿಯತ್ತರು ಉಜ್ಬೇಕಿಸ್ತಾನದ ಉರ್ತಾ ಬುಲಾಕ್‌ನಲ್ಲಿ ಮೂರು ವರ್ಷದಿಂದ ಉರಿಯುತ್ತಿದ್ದ ಅನಿಲಬಾವಿಯನ್ನು 30 ಕಿಲೋಟನ್ ಬಾಂಬಿನಿಂದ ನಂದಿಸಿದ್ದರು. ಅಮೆರಿಕದ ಸರ್ಕಾರ ಬೇಡವೆಂದಿತು. ಬಿಪಿಯವರು ಬದಲಿಗೆ ಗಾಲ್ಫ್ ಚೆಂಡು ಮತ್ತು ಟೈರಿನ ಚೂರುಗಳನ್ನು ಬಾವಿಯ ಬಾಯಿಗೆ ತುರುಕಲು ನೋಡಿದರು. ಇದು ಹಾಸ್ಯರಸದ ವ್ಯಾಪ್ತಿಗೆ ಬರುವುದರಿಂದ ಚರ್ಚೆಯಿಂದ ಕೈಬಿಡಲಾಗಿದೆ.

ಇನ್ನು ಪ್ರಬಂಧದ ಮುಖ್ಯ ಸಿದ್ಧಾಂತ. ರಸ ಹುಟ್ಟಬೇಕಾದರೆ ಭಾವ ನನ್ನದೂ ಅಲ್ಲ, ಪರರದೂ ಅಲ್ಲ ಎಂಬಂತಾಗಬೇಕು ಎಂದು ಭಟ್ಟನಾಯಕ ಹೇಳಿದ. ಅದೇ ಸಾಧಾರಣೀಕರಣ. ಜಗತ್ತೇ ಮುಗಿಯುತ್ತದೆ ಎಂಬುದಕ್ಕಿಂತ ಸಾಧಾರಣವಾದದ್ದು ಇನ್ನೇನಿದೆ? ಅದರಲ್ಲಿ ಬಾಡಿಗೆ ಕಟ್ಟುವವನೂ ಇಲ್ಲ, ವಸೂಲಿ ಮಾಡುವವನೂ ಇಲ್ಲ. ಆದ್ದರಿಂದಲೇ ಈ ಭಯವನ್ನು ಆಸ್ವಾದಿಸಬಹುದು. ಲೂಸಿಯಾನಾದ ಸೀಗಡಿ ಹಿಡಿಯುವವನಿಗೆ ಈ ಭಾಗ್ಯವಿರಲಿಲ್ಲ. ಜೂನ್ ಆರಂಭದಲ್ಲಿ ಕೊಲ್ಲಿಯಲ್ಲಿ ಅಮೆರಿಕದ ಒಕ್ಕೂಟ ಸರ್ಕಾರದ ವ್ಯಾಪ್ತಿಯ ನೀರಿನ ಮೂರನೇ ಒಂದು ಪಾಲಿಗೂ ಹೆಚ್ಚು ಭಾಗದಲ್ಲಿ ಮೀನುಗಾರಿಕೆ ನಿಷೇಧಿಸಿದ್ದರು. ಬಲೆ ಎಳೆಯಬೇಕಾದ ದೋಣಿಯಲ್ಲಿ ಅವನು ಕೂಲಿಗೆ ಎಣ್ಣೆ ತಡೆಯುವ ಉದ್ದನೆಯ ತೇಲುಬೇಲಿ ಎಳೆದ, ಮೀನು ಕೆಡಿಸಿದ ಕಂಪನಿಯಿಂದಲೇ ಸಂಬಳ ಪಡೆದು. ಅವನ ಹೆದರಿಕೆ ದೋಣಿಯ ಸಾಲದ ಕಂತಿನದು, ಈ ಸಲದ ಸೀಗಡಿಯದು. ಇದು ಶುದ್ಧ ಲೌಕಿಕ ಭಯ, ಇದರಲ್ಲಿ ರಸವಿಲ್ಲ. ಎಣ್ಣೆಯಿಂದ ದೂರ ಹೋದಷ್ಟೂ ಪ್ರಳಯ ದೊಡ್ಡದಾಗುತ್ತದೆ ಎಂಬ ಸೂತ್ರಕ್ಕೆ ಬರಲು ಇಷ್ಟು ಸಾಕು. ದಡದಲ್ಲಿ ನಿಂತವನು ಸೀಗಡಿಗೆ ಅತ್ತ. ಸಾವಿರ ಮೈಲಿ ದೂರದವನು ಭೂಮಿಗೆ ಅತ್ತ.

ಪುರಾಣಗಳು ಹೇಳುವ ನಾಲ್ಕು ಪ್ರಳಯಗಳಲ್ಲಿ ನಿತ್ಯಪ್ರಳಯವೂ ಒಂದು. ಅದಕ್ಕೆ ಲಕ್ಷ್ಯ ಅಲ್ಲೇ ಇದೆ. ಮಿಸ್ಸಿಸ್ಸಿಪ್ಪಿ ನದಿಗೆ ಒಡ್ಡು ಕಟ್ಟಿ ಹೂಳು ತಡೆದದ್ದು, ಎಣ್ಣೆ ಕಂಪನಿಗಳು ಜೌಗಿನಲ್ಲಿ ಕಾಲುವೆ ಕೊರೆದದ್ದು, ಹೀಗೆ ನಾನಾ ಕಾರಣಕ್ಕೆ ಲೂಸಿಯಾನಾ 1930ರ ದಶಕದಿಂದ ಈಚೆಗೆ ಹೆಚ್ಚುಕಡಿಮೆ ನಮ್ಮ ಮಂಡ್ಯ ಜಿಲ್ಲೆಯಷ್ಟು ನೆಲವನ್ನು ಸಮುದ್ರಕ್ಕೆ ಕೊಟ್ಟಿದೆ. ಇದಕ್ಕೆ ನೇರಪ್ರಸಾರವಿಲ್ಲ. ಒಂದು ಇಡೀ ಜಿಲ್ಲೆ ಮುಳುಗಿದರೂ ಯಾರಿಗೂ ರೋಮಾಂಚನವಾಗಲಿಲ್ಲ.

ಪೂರ್ವಪಕ್ಷ: ಹೆದರಿದವರನ್ನು ಗೇಲಿ ಮಾಡುವುದು ಸುಲಭ, ಅವರಿಗೆ ಸತ್ಯ ಹೇಳಿದವರು ಯಾರು? ಈ ಆಕ್ಷೇಪಕ್ಕೆ ಲೇಖಕನ ಬಳಿ ಸಮಾಧಾನವಿಲ್ಲ. ಮೊದಲು ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಎಂದರು. ವಾರದೊಳಗೆ 5,000 ಎಂದರು. ಮೇ ಕೊನೆಗೆ 12,000ದಿಂದ 19,000, ಜೂನ್ ನಡುವೆ 35,000ದಿಂದ 60,000. ಕಡೆಯ ಅಂದಾಜಿನ ಪ್ರಕಾರ ಆರಂಭದಲ್ಲೇ ದಿನಕ್ಕೆ 62,000. ಅಧಿಕಾರಿಗಳೇ ಅರವತ್ತು ಪಟ್ಟು ತಪ್ಪಿದ ಮೇಲೆ, ಉಳಿದ ಸೊನ್ನೆಗಳನ್ನು ಜನ ತಾವೇ ಸೇರಿಸಿಕೊಂಡರೆ ಅದನ್ನು ಮೌಢ್ಯ ಎನ್ನಬೇಕೋ ಸ್ವಾವಲಂಬನೆ ಎನ್ನಬೇಕೋ?

ಭಯಾನಕ ಎಲ್ಲಿ ಹುಟ್ಟಿತು ಎಂಬುದರಷ್ಟೇ, ಎಲ್ಲಿ ಹುಟ್ಟಲಿಲ್ಲ ಎಂಬುದೂ ವಿಚಾರಾರ್ಹ. ಏಪ್ರಿಲ್ 20ರ ಸಂಜೆ ಕಟ್ಟೆಯ ಮೇಲೆ ಕಂಪನಿಯ ದೊಡ್ಡ ಅಧಿಕಾರಿಗಳಿದ್ದರು. ಏಳು ವರ್ಷ ಕೆಲಸ ತಪ್ಪಿಸುವಂಥ ಅಪಘಾತವಾಗಿಲ್ಲವೆಂದು ಅಭಿನಂದಿಸುವುದೂ ಅವರು ಬಂದದ್ದಕ್ಕೆ ಒಂದು ಕಾರಣ. ಬಾವಿಯ ತಳಕ್ಕೆ ಹಾಕಿದ ಸಿಮೆಂಟ್ ಹಿಡಿದಿದೆಯೇ ಎಂದು ಪರೀಕ್ಷೆ ನಡೆಯಿತು. ಒತ್ತಡ ಇಳಿಸಿದ ಮೇಲೆ ಎರಡು ಕೊಳವೆಗಳಲ್ಲೂ ಸೊನ್ನೆ ಬರಬೇಕು. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಚದರ ಅಂಗುಲಕ್ಕೆ 1,400 ಪೌಂಡ್. ಅದು ‘ಬ್ಲ್ಯಾಡರ್ ಎಫೆಕ್ಟ್’ ಎಂದು ಅನುಭವಸ್ಥರೊಬ್ಬರು ವಿವರಣೆ ಕೊಟ್ಟರು. ಆಮೇಲೆ ತನಿಖೆ ಮಾಡಿದವರಿಗೆ ಅಂಥ ಪರಿಣಾಮ ಎಲ್ಲೂ ಸಿಗಲಿಲ್ಲ. 1,400 ಪ್ರತ್ಯಕ್ಷ ಪ್ರಮಾಣ, ಸೊನ್ನೆ ಅನುಪಲಬ್ಧಿ, ಅಂದರೆ ಏನೂ ಕಾಣದಿರುವುದು. ಪ್ರತ್ಯಕ್ಷಕ್ಕೆ ಎಲ್ಲ ದರ್ಶನಗಳೂ ಮೊದಲ ಮಣೆ ಹಾಕಿವೆ. ಕಟ್ಟೆಯವರು ಸೊನ್ನೆಯನ್ನು ನಂಬಿದರು. ಆ ಗಳಿಗೆಯಲ್ಲಿ ಒಬ್ಬನಿಗಾದರೂ ಬಾಯಿ ಒಣಗಿ ಕೈಕಾಲು ನಡುಗಿದ್ದರೆ ಈ ಪ್ರಬಂಧಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಹಾಗೆಂದು ಕಂಪನಿಯವರು ಏನನ್ನೂ ಊಹಿಸಿಕೊಂಡಿರಲಿಲ್ಲ ಎಂದರೆ ತಪ್ಪಾಗುತ್ತದೆ. ಕೊಲ್ಲಿಯಲ್ಲಿ ಎಣ್ಣೆ ಸೋರಿದರೆ ಏನು ಮಾಡಬೇಕೆಂದು ಬಿಪಿ 2009ರಲ್ಲೇ 582 ಪುಟಗಳ ಯೋಜನೆ ಸಿದ್ಧಪಡಿಸಿ ಸರ್ಕಾರಕ್ಕೆ ಒಪ್ಪಿಸಿತ್ತು. ಸಂಪರ್ಕಿಸಬೇಕಾದ ತಜ್ಞರ ಪಟ್ಟಿಯಲ್ಲಿ 2005ರಲ್ಲೇ ತೀರಿಕೊಂಡಿದ್ದ ಪ್ರಾಧ್ಯಾಪಕರೊಬ್ಬರ ಹೆಸರಿತ್ತು. ರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ಸೀಲ್, ಕಡಲಸಿಂಹ ಮತ್ತು ವಾಲ್ರಸ್ ಇದ್ದವು. ವಾಲ್ರಸ್ ಉತ್ತರಧ್ರುವದ ಹಿಮದ ಮೇಲೆ ದಂತ ಊರಿಕೊಂಡು ಮಲಗುವ ಪ್ರಾಣಿ. ಕೊಲ್ಲಿಯ ಬೆಚ್ಚನೆಯ ನೀರಿಗೂ ಅದಕ್ಕೂ ಈ ಯುಗದಲ್ಲಿ ಪರಿಚಯವಿಲ್ಲ. ಬೇರೆ ದೊಡ್ಡ ತೈಲ ಕಂಪನಿಗಳ ಯೋಜನೆಯಲ್ಲೂ ಅದೇ ವಾಲ್ರಸ್ ಮಲಗಿರುವುದು ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಬಯಲಾಯಿತು. ಮೀಥೇನ್ ಗುಳ್ಳೆಗೆ ಹೆದರಿದವರನ್ನು ನೋಡಿ ನಕ್ಕವರು ಇದನ್ನು ನೋಡಿ ಮುಜುಗರಪಟ್ಟರು. ಲೇಖಕನಿಗೆ ಮುಜುಗರದ ಕಾರಣ ಕಾಣುತ್ತಿಲ್ಲ. ಪೆಲಿಕನ್‌ಗಳು ಸತ್ತವು, ಲೂಸಿಯಾನಾದ ಬಾರಟೇರಿಯಾ ಕೊಲ್ಲಿಯ ಡಾಲ್ಫಿನ್‌ಗಳು ವರ್ಷಗಟ್ಟಲೆ ಶ್ವಾಸಕೋಶದ ಕಾಯಿಲೆಯಿಂದ ನರಳಿದವು. ಆ ಲೆಕ್ಕದಲ್ಲಿ ಯೋಜನೆ ಸೋತಿರಬಹುದು. ಆದರೆ 87 ದಿನಗಳಲ್ಲಿ ಮೆಕ್ಸಿಕೋ ಕೊಲ್ಲಿಯ ಒಂದೇ ಒಂದು ವಾಲ್ರಸ್ಸಿನ ಮೀಸೆಗೂ ಎಣ್ಣೆ ತಾಗಲಿಲ್ಲ.